ಬರಿ ಅಂಗೈಯ ಲಿಂಗ

ಮಹಾದೇವಮ್ಮನಿಗೆ ಅರವತ್ತೊಂಬತ್ತು. ಈಗಲೂ ಕೊಡ್ಲಿಪೇಟೆಯ ಬೀದಿಯಲ್ಲಿ ಜನ ಅವಳನ್ನು ನಿಲ್ಲಿಸಿ, 'ವಿಶಾಲಾಕ್ಷಮ್ಮ, ಚೆನ್ನಾಗಿದ್ದೀರಾ?' ಎಂದು ಕೇಳುತ್ತಾರೆ. ಇವಳು ಹೂಂ ಅಂದು ಮುಂದೆ ನಡೆಯುತ್ತಾಳೆ. ಅವಳಿಗಳಲ್ಲಿ ಯಾರು ಯಾರೆಂದು ಹೆತ್ತವಳೇ ತಬ್ಬಿಬ್ಬಾಗುತ್ತಿದ್ದ ಮೇಲೆ ಊರವರನ್ನು ತಿದ್ದಿ ಏನು ಸುಖ? ಇವಳು ತಂಗಿ ವಿಶಾಲಾಕ್ಷಿಗಿಂತ ಹತ್ತು ನಿಮಿಷ ದೊಡ್ಡವಳು. ಅಷ್ಟಕ್ಕೇ ಅಕ್ಕ ಅನ್ನಿಸಿಕೊಂಡಳು.

ಮದುವೆಯಲ್ಲಿ ಮಾತ್ರ ದಾರಿ ಬೇರೆಯಾಯಿತು. ಏಲಕ್ಕಿ ತೋಟದ ಮನೆಯವರು ಕೇಳಿಕೊಂಡು ಬಂದದ್ದು ವಿಶಾಲಾಕ್ಷಿಯನ್ನು. ಕೊಯ್ಲಿನ ತಿಂಗಳುಗಳಲ್ಲಿ ಏಲಕ್ಕಿ ಒಣಗಿಸುವ ಕೋಣೆಯ ಒಲೆಗೆ ಬಿಡದೆ ಸೌದೆ ಒಟ್ಟುವುದು ಆ ಮನೆಯ ಸೊಸೆಯರ ಕೆಲಸ. ವಿಶಾಲಾಕ್ಷಿಗೆ ಚಿಕ್ಕಂದಿನಿಂದ ಉಬ್ಬಸ. 'ಮುಖ ಎರಡೂ ಒಂದೇ ಅಲ್ವಾ, ನಾನೇ ಹೋಗ್ತೀನಿ' ಅಂದಳು ಮಹಾದೇವಿ. ತಂಗಿ ಪೇಟೆಯ ಜವಳಿ ಅಂಗಡಿಯವರ ಮನೆ ಸೇರಿದಳು. ಅಕ್ಕ ಮೂವತ್ತು ವರ್ಷ ಹೊಗೆಯಲ್ಲಿ ಬೆಂದಳು. ಗೊಣಗಲು ಬಾಯಿ ತೆರೆದರೆ ಹೊಗೆ ಒಳಗೆ ಹೋಗುತ್ತದಲ್ಲ ಎಂದು ನಗುತ್ತಿದ್ದಳು.

ಬೆಳಗಿನ ಲಿಂಗಪೂಜೆಯೊಂದನ್ನು ಅವಳು ಯಾವ ಕೆಲಸಕ್ಕೂ ಬಿಟ್ಟುಕೊಟ್ಟವಳಲ್ಲ. ಅದು ಮುಗಿಯದೆ ಬಾಯಿಗೆ ಅಗುಳು ಇಟ್ಟವಳೂ ಅಲ್ಲ. ಕರಡಿಗೆಯಿಂದ ಇಷ್ಟಲಿಂಗ ತೆಗೆದು, ಎಡ ಅಂಗೈಯಲ್ಲಿಟ್ಟು, ಆ ಕಪ್ಪಿನ ಮೇಲೆ ದೃಷ್ಟಿ ನೆಟ್ಟರೆ ಅರ್ಧ ಗಂಟೆ. ಕಳೆದ ಮಳೆಗಾಲದ ಒಂದು ಬೆಳಿಗ್ಗೆ, ಕರಡಿಗೆ ತೆರೆಯುವ ಮೊದಲೇ ಅಂಗೈ ನೋಡಿಕೊಂಡಳು. ನಡುವೆ ದುಂಡಗೆ, ಕಪ್ಪಗೆ, ಲಿಂಗ ಆಗಲೇ ಇತ್ತು. ಮಾರನೆಯ ದಿನವೂ ಇತ್ತು. ಮೈ ಜುಮ್ಮೆಂದಿತು. ಪಂಚಾಂಗದ ಅಕ್ಷರ ಮಸುಕಾದಾಗ ಕನ್ನಡಕವನ್ನು ಬೈದವಳು, ಇದನ್ನು ಶಿವನ ದಯೆ ಅಂದುಕೊಂಡು ಎಂಟು ತಿಂಗಳು ಗುಟ್ಟಾಗಿಟ್ಟಳು. ಕೊನೆಗೆ ತಂಗಿಯ ಹತ್ತಿರ ಬಾಯಿಬಿಟ್ಟಳು.

'ವಿಶಾಲೀ, ಬರೀ ಅಂಗೈ ಹಿಡಿದರೂ ಲಿಂಗ ಕಾಣ್ತದೆ ಕಣೇ.'

ವಿಶಾಲಾಕ್ಷಮ್ಮ, 'ಎಲ್ಲಿ, ಗೋಡೆ ನೋಡು' ಅಂದಳು.

ಗೋಡೆಯ ಮೇಲೂ ಅದೇ ಕಪ್ಪು. ಬಾಗಿಲ ಮೇಲೂ. ಕಾಫಿ ತಂದ ಸೊಸೆ ಕುಸುಮಾಳ ಮುಖದ ಮೇಲೂ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ಇವಳಿಗೆ ತಂಗಿ ಬೇಕಾದಳು.

ಹಾಸನದ ಕಣ್ಣಿನ ಡಾಕ್ಟರು ಇಬ್ಬರನ್ನೂ ಪರೀಕ್ಷಿಸಿದರು. ಅಕ್ಕನ ಕಣ್ಣಿನ ಪರದೆಯ ನಡುಭಾಗ ಸವೆದಿತ್ತು, ವಯಸ್ಸಾದವರಿಗೆ ಬರುವ ಕಾಯಿಲೆ. ತಂಗಿಯ ಕಣ್ಣು ಚೆನ್ನಾಗಿತ್ತು.

'ಒಂದೇ ಹೊಟ್ಟೆ, ಒಂದೇ ರಕ್ತ. ನನಗ್ಯಾಕಿಲ್ಲ ಡಾಕ್ಟ್ರೇ?' ಎಂದು ಕೇಳಿದವಳು ವಿಶಾಲಾಕ್ಷಮ್ಮ.

'ನಿಮ್ಮಿಬ್ಬರ ವಂಶವಾಹಿ ಒಂದೇ ಅಮ್ಮ. ಆದರೆ ಯಾವುದು ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಅನ್ನೋ ಗುರುತುಗಳು ಅದರ ಮೇಲೆ ಇರ್ತವೆ. ವಯಸ್ಸು, ಊಟ, ಹೊಗೆ, ಬದುಕಿದ ರೀತಿ ಆ ಗುರುತುಗಳನ್ನ ಬದಲಾಯಿಸ್ತವೆ. ಎಪಿಜೆನೆಟಿಕ್ಸ್ ಅಂತೀವಿ. ಈ ಕಾಯಿಲೆಯಲ್ಲಿ ಅದರ ಪಾತ್ರ ಎಷ್ಟು ಅಂತ ಇನ್ನೂ ಹುಡುಕ್ತಾ ಇದ್ದಾರೆ. ಇವರಿಗೆ ಹೊಗೆಯಿಂದಲೇ ಬಂತು ಅಂತ ನಾನು ಆಣೆ ಮಾಡಲಾರೆ.'

ಹೋದ ದೃಷ್ಟಿ ಬರುವುದಿಲ್ಲ, ನೇರ ನೋಡದೆ ಕಣ್ಣಂಚಿನಿಂದ ನೋಡುವುದನ್ನು ಕಲಿಯಿರಿ ಎಂದೂ ಹೇಳಿ ಕಳಿಸಿದರು.

ಊರಿಗೆ ಬಂದ ಮಹಾದೇವಮ್ಮ ಕರಡಿಗೆ ಮುಟ್ಟಲಿಲ್ಲ. ಪೂಜೆಯಿಲ್ಲ, ಹಾಗಾಗಿ ಊಟವೂ ಇಲ್ಲ. ಕುಸುಮಾ ಬೇಡಿಕೊಂಡರೆ ಎರಡು ಗುಟುಕು ಹಾಲು. ಮೂರನೆಯ ದಿನ ಬೆಳಿಗ್ಗೆ ತಂಗಿ ಬಂದು ಎದುರು ಕೂತಾಗ ಅಕ್ಕನ ದುಃಖ ಕಟ್ಟೆಯೊಡೆಯಿತು.

'ಎಂಟು ತಿಂಗಳು ರೋಗಕ್ಕೇ ಕೈ ಮುಗಿದೆನಲ್ಲೇ. ಈಗ ಲಿಂಗ ಇಟ್ಟುಕೊಂಡರೂ ಅದು ಲಿಂಗವೋ ರೋಗವೋ, ಯಾವುದನ್ನ ನೋಡಲಿ?'

'ಅದು ನನ್ನ ಪಾಲಿನ ಹೊಗೆ ಅಕ್ಕ.'

'ಹೋದೋಳು ನಾನೇ. ಯಾರೂ ದಬ್ಬಲಿಲ್ಲ.'

'ಹಾಗಾದ್ರೆ ನನ್ನದೊಂದು ಮಾತು ಕೇಳು. ಕರಡಿಗೆ ತೆಗಿ.'

ಮಹಾದೇವಮ್ಮ ತೆಗೆದಳು. ಲಿಂಗದ ಭಾರ ಅಂಗೈಗೆ ತಿಳಿಯಿತು. ಕಣ್ಣಿಗೆ ಬರೀ ಕಪ್ಪು.

'ಅಂಗೈ ನೋಡಬೇಡ. ನನ್ನ ಮುಖ ನೋಡು.'

ತಲೆಯೆತ್ತಿ ನೋಡಿದಳು. ಕಪ್ಪು ಅಂಗೈ ಬಿಟ್ಟು ಮೇಲೆದ್ದು ತಂಗಿಯ ಮುಖವನ್ನು ನುಂಗಿತು. ಕೆಳಗೆ, ಕಣ್ಣಿನ ಅಂಚಿನಲ್ಲಿ, ತನ್ನದೇ ಬಿಳಿಚಿದ ಅಂಗೈ. ಅದರ ನಡುವೆ ಮಂಜುಮಂಜಾಗಿ ಲಿಂಗ.

'ನಿನ್ನ ಮುಖ ಕಾಣಲ್ಲ ವಿಶಾಲೀ.'

'ಈ ಮುಖದಲ್ಲಿ ಏನಿದೆ ನೋಡೋಕೆ, ನಿಂದೇ ತಾನೇ? ಲಿಂಗ ಕಾಣ್ತಾ?'

'ಕಾಣ್ತು.'

ವಿಶಾಲಾಕ್ಷಮ್ಮ ಅರ್ಧ ಗಂಟೆ ಅಲುಗಾಡದೆ ಕೂತಳು. ಅವಳು ಅಳುತ್ತಿದ್ದುದು ಮಹಾದೇವಮ್ಮನಿಗೆ ಕಾಣಲಿಲ್ಲ, ಕೇಳಿಸಿತು. ಆದರೂ ಆ ಮುಖದಿಂದ ದೃಷ್ಟಿ ತೆಗೆಯಲಿಲ್ಲ. ತೆಗೆದರೆ ಲಿಂಗ ಹೋಗುತ್ತಿತ್ತು.