ಮೊಣಕಾಲೆತ್ತರದ ಗೋಡೆ

ಬಿಜೈಯಲ್ಲಿ ನಮ್ಮ ನೆರೆಗೆ ಬಂದ ಮಾಷ್ಟ್ರು ಚೌಕಾಶಿಯನ್ನೇ ಮಾಡುತ್ತಿರಲಿಲ್ಲ. ಅಂಥವರ ಹತ್ತಿರ ಹುಷಾರಾಗಿರಬೇಕು.

ಬೆತ್ತವಿಲ್ಲದ, ಕೈಕೆಲಸದಿಂದಲೇ ಪಾಠ ಹೇಳುವ ತಮ್ಮ ಶಾಲೆಯನ್ನು ಬಾಡಿಗೆ ಜಗಲಿಯಿಂದ ನನ್ನ ಹಿತ್ತಲಿನ ಪಕ್ಕಕ್ಕೆ ತರಲು ಅವರು ಹೊರಟಿದ್ದರು. ನೆರೆಯವರು ಒಪ್ಪಿದರೆ ಮಾತ್ರ ಜಾಗ ಕೊಡುವುದು ಎಂದಿದ್ದರು ಆ ಹಿತ್ತಲಿನ ಧಣಿಗಳು. ಹಂಚಿನ ವ್ಯಾಪಾರದಲ್ಲಿ ನಾಲಗೆ ಪಳಗಿದ್ದರಿಂದ ಎಲ್ಲರ ಪರವಾಗಿ ನಾನೇ ಹೋದೆ.

"ಬೆತ್ತದ ಹೆದರಿಕೆ ಇಲ್ಲದ ಮಕ್ಕಳು ನಮ್ಮ ಮಾವಿನ ಮರದಲ್ಲೇ ಇರ್ತಾರೆ ಮಾಷ್ಟ್ರೆ. ಮೊದಲು ಆಳೆತ್ತರದ ಗೋಡೆ, ಆಮೇಲೆ ಒಪ್ಪಿಗೆ."

ಅವರು ಕನ್ನಡಕವನ್ನು ಹಣೆಗೇರಿಸಿ, ಯಾರು ಏನು ದೂರಿದರೂ ಹೇಳುವ ಮಾತನ್ನೇ ಹೇಳಿದರು: "ಆಗ್ಲಿ. ಹೇಗೆಂತ ನೀವೇ ತೋರಿಸಿ ಕೊಡಿ."

ಮರುದಿನ ಮಕ್ಕಳೇ ಮುರಕಲ್ಲು ಹೊತ್ತು ತಂದು ಕಟ್ಟತೊಡಗಿದರು. ಕೆಳಸಾಲಿನ ಕಲ್ಲುಗಳ ಸಂದಿನ ಮೇಲೆಯೇ ಮೇಲಿನ ಸಾಲಿನ ಸಂದು ಬರುತ್ತಿತ್ತು. ನನಗೆ ನೋಡಲಾಗಲಿಲ್ಲ.

"ಹಾಗಲ್ಲ ಮಕ್ಕಳೇ, ಬೀಳ್ತದೆ," ಎಂದು ಮುಂಡು ಎತ್ತಿ ಕಟ್ಟಿ ಇಳಿದೆ.

"ನಿಮ್ಮದೂ ಓರೆ ಉಂಟು ಮಾರಾಯ್ರೆ," ಎನ್ನುತ್ತ ಪಕ್ಕದ ಮನೆಯ ಬ್ಯಾರಿ ನೇರ ನೋಡಲು ದಾರಕ್ಕೆ ಗುಂಡು ಕಟ್ಟಿ ತಂದರು. ಮಾಷ್ಟ್ರು ಮಕ್ಕಳ ಸಾಲಿನಲ್ಲಿ ಕೂತು, ನಾವು ಹೇಳಿದ್ದನ್ನೆಲ್ಲ ಸ್ಲೇಟಿನಲ್ಲಿ ಬರೆದುಕೊಂಡರು.

ಗೋಡೆ ಮೊಣಕಾಲಿಗೆ ಬಂದಾಗ, "ಇನ್ನೆಷ್ಟು ಏರಿಸುವ?" ಎಂದು ಮಾಷ್ಟ್ರು ಕೇಳಿದರು.

ಇನ್ನೂ ಏರಿಸಿದರೆ ಆಚೆಯ ಮಕ್ಕಳು ಮಾಡುವ ತಪ್ಪು ನನಗೆ ಕಾಣುವುದು ಹೇಗೆ? "ಸಾಕು, ಕೂತುಕೊಳ್ಳಲಿಕ್ಕೆ ಇದೇ ಹದ," ಎಂದೆ. ಧಣಿಗಳಿಗೆ ಒಪ್ಪಿಗೆ ತಿಳಿಸಿ ಬಂದವನೂ ನಾನೇ.

ಆ ವರ್ಷ ಮಾವು ಬಲಿತಾಗ, ಮರದ ಗೆಲ್ಲು ಮುರಿಯದೆ ಕೊಯ್ಯುವುದು ಹೇಗೆಂದು ಆ ಗೋಡೆಯ ಮೇಲೆ ನಿಂತು ಮಕ್ಕಳಿಗೆ ತೋರಿಸಿಕೊಟ್ಟೆ.