ಮಂಗೋಲರ ನೆರಿಗೆ, ನಿಮ್ಮವ್ವನ ಸೈಕಲ್ಲು

ಯಾರು ಏನು ಉಟ್ಟಿದ್ದಾರೆ ಎಂದು ನೋಡುವ ಚಾಳಿ ನನಗೆ ಇನ್ನೂ ಹೋಗಿಲ್ಲ, ಮಕ್ಕಳೇ. ಮದುವೆಗೆ ಹೋದರೆ ಎಲ್ಲರೂ ಮದುಮಗಳ ಮುಖ ನೋಡುತ್ತಾರೆ. ನಾನು ಅವಳ ಜಂಪರಿನ ತೋಳು ಎಲ್ಲಿ ಎಳೆಯುತ್ತಿದೆ ಎಂದು ನೋಡುತ್ತೇನೆ. ಮಾತಾಡಲು ನಾಚುವವರಿಗೆ ಕಣ್ಣಿನ ಕೆಲಸ ಜಾಸ್ತಿ. ಹೊಲಿಗೆ ಮಷಿನ್ನಿನ ಮುಂದೆ ಕೂತು ಸಂಸಾರ ಸಾಗಿಸಿದ ಮೇಲೆ ಚಾಳಿ ಇನ್ನೂ ಬಲಿಯಿತು. ಅದರಿಂದಲೇ ನನಗೆ ಚೀನಾ ದೇಶದ ಪರಿಚಯವಾದದ್ದು. ಹಂಪಸಾಗರದ ಹೊಳೆಯ ಆಚೆ ದಡವನ್ನೂ ಮೆಟ್ಟದ ನನಗೆ!

ನಿಮ್ಮವ್ವ ಶಾಂತಾ ಆಗ, ತೊಂಬತ್ತರ ದಶಕದ ಮೊದಲಿಗೆ, ಹಗರಿಬೊಮ್ಮನಹಳ್ಳಿಯ ಕಾಲೇಜು ಸೇರಿದ್ದಳು. ನಾನು ಹೊಲಿಯುತ್ತ ಕೂತರೆ ಲೈಬ್ರರಿಯ ಪುಸ್ತಕ ತಂದು ಗಟ್ಟಿಯಾಗಿ ಓದುತ್ತಿದ್ದಳು. ನನ್ನ ಓದು ಊರ ಶಾಲೆಯಲ್ಲೇ ಮುಗಿದಿತ್ತು. ಉಳಿದದ್ದನ್ನೆಲ್ಲ ಮಗಳಿಂದ ಕಲಿತೆ. ಹೀಗೆ ಒಂದು ದಿನ ಚೀನಾದ ಚರಿತ್ರೆ ಬಂತು. ಕುದುರೆಯ ಮೇಲೆಯೇ ಬದುಕುವ ಮಂಗೋಲರು ಬಂದು ಚೀನಾವನ್ನು ಗೆದ್ದು ಆಳಿದರಂತೆ. ಅವರ ಉದ್ದನೆಯ ಅಂಗಿಗೆ ಬಿಗಿ ತೋಳು, ಸೊಂಟಕ್ಕೆ ಪಟ್ಟಿ, ಅಲ್ಲಿಂದ ಕೆಳಗೆ ನೆರಿಗೆ. ಮುಂದೆ ಅವರನ್ನು ಓಡಿಸಿದ ಚೀನಾದ ರಾಜ, ಪರರ ಉಡುಪು ಬೇಡ, ನಮ್ಮ ಹಿರಿಯರದೇ ಇರಲಿ ಎಂದು ಆಜ್ಞೆ ಹೊರಡಿಸಿದನಂತೆ. ಅಂಗಿಯ ಅಂಚು ಯಾವ ಕಡೆಗೆ ಮುಚ್ಚಬೇಕು ಎಂಬುದರಲ್ಲೂ ಅವರಿಗೆ ಹಟವಿತ್ತು. ಬಲಸೆರಗಿನವರು ಎಡಸೆರಗಿನವರನ್ನು ಕಂಡು ಮೂಗು ಮುರಿಯುತ್ತಾರಲ್ಲ, ಹಾಗೆ. ಆದರೆ ಆ ನೆರಿಗೆಯಂಗಿ ಮಾತ್ರ ಅರಮನೆ ಬಿಟ್ಟು ಹೋಗಲಿಲ್ಲ. ಅಧಿಕಾರಿಗಳು ತೊಟ್ಟರು, ರಾಜರೂ ತೊಟ್ಟರು. ತೋಳು ಅಗಲ ಮಾಡಿಕೊಂಡು, ಕಸೂತಿ ಹಾಕಿಕೊಂಡು, ತಮ್ಮದೇ ಅಂದುಕೊಂಡರು.

"ವೈರಿನ್ನ ಓಡಿಸಿ ಅವನ ಅಂಗಿ ಇಟಗೊಂಡ್ರಲ್ಲಬೇ!" ಎಂದು ನಿಮ್ಮವ್ವ ನಕ್ಕಳು.

ನನ್ನ ಕಣ್ಣು ಪುಸ್ತಕದಲ್ಲಿದ್ದ ಆ ಅಂಗಿಯ ಚಿತ್ರದ ಮೇಲಿತ್ತು. ಮೇಲಿನ ಭಾಗ, ಕೆಳಗಿನ ಭಾಗ ಬೇರೆಬೇರೆ ಕತ್ತರಿಸಿ ಸೊಂಟದಲ್ಲಿ ಜೋಡಿಸಿದ್ದರು. ಕುದುರೆಯ ಮೇಲೆ ಕಾಲು ಅಗಲಿಸಿ ಕೂತರೆ ನೆರಿಗೆ ಬಿಚ್ಚಿಕೊಂಡು ಮೊಣಕಾಲು ಮುಚ್ಚುತ್ತದೆ, ಇಳಿದರೆ ತಾನಾಗಿ ಮಡಚಿಕೊಳ್ಳುತ್ತದೆ. ಯಾವ ಪುಣ್ಯಾತಗಿತ್ತಿ ಮೊದಲು ಹೊಲಿದಳೋ! ಗಂಡನೋ ಮಗನೋ ಕುದುರೆಯಿಂದ ಬಿದ್ದು ಬಂದ ದಿನ ಅವಳಿಗೆ ಹೊಳೆದಿರಬೇಕು.

ನನಗೂ ಹಾಗೆಯೇ ಹೊಳೆಯಿತು. ಅದೇ ವಾರ ಶಾಂತಾಳ ಲಂಗ ಸೈಕಲ್ಲಿನ ಚೈನಿಗೆ ಸಿಕ್ಕಿ ಅವಳು ರಸ್ತೆಯ ಮೇಲೆ ಬಿದ್ದಳು. ಮೊಣಕೈ ತರಚಿತು. ಕಾಲೇಜಿನ ಹೊತ್ತಿಗೆ ನಮ್ಮೂರಿಂದ ಬಸ್ಸಿರಲಿಲ್ಲ. ಸೈಕಲ್ಲಿಲ್ಲ ಎಂದರೆ ಕಾಲೇಜೂ ಇಲ್ಲ. ಸಂಜೆ ಪಕ್ಕದ ಮನೆಯಿಂದ ನನ್ನ ಭಾವ, ಅಂದರೆ ನಿಮ್ಮ ತಾತನ ಅಣ್ಣ, ಬಂದು ಪಡಸಾಲೆಯಲ್ಲಿ ಕೂತರು. ತಾತ ತೀರಿಕೊಂಡ ಮೇಲೆ ನಮಗೆ ಅವರೇ ಹಿರಿಯರು.

ಭಾವನ ಎದುರು ನಿಂತು ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ನಾನು ಅಡುಗೆಮನೆಯ ಬಾಗಿಲ ಹಿಂದೆ, ಅವರು ಪಡಸಾಲೆಯಲ್ಲಿ, ನಡುವೆ ಶಾಂತಾ. ಒಬ್ಬರ ಮಾತು ಇನ್ನೊಬ್ಬರಿಗೆ ಚೆನ್ನಾಗಿಯೇ ಕೇಳುತ್ತಿತ್ತು. ಆದರೂ ಅದು ಅವಳ ಮೂಲಕವೇ ಹೋಗಬೇಕು.

"ನಿಮ್ಮವ್ವಗ ಹೇಳವಾ, ಇನ್ನ ಸೈಕಲ್ಲು ಸಾಕು. ಕಾಲೇಜೂ ಸಾಕು."

"ನಿಮ್ಮ ದೊಡ್ಡಪ್ಪಗ ಹೇಳು, ತಪ್ಪೆಲ್ಲ ಲಂಗದ್ದು. ಪೈಜಾಮ, ಮ್ಯಾಲೆ ಮೊಣಕಾಲು ಮುಚ್ಚೋ ಅಂಗಿ ಹೊಲಿತೀನಿ."

"ಅದು ನಮ್ಮ ಮಂದಿ ಹಾಕ್ಕೊಳೋ ಅರಿವಿ ಅಲ್ಲಂತ ಹೇಳು."

ನನಗೆ ಎಲ್ಲಿಂದ ಧೈರ್ಯ ಬಂತೋ, ಚೀನಾದ ಕಥೆಯನ್ನು ಬಾಗಿಲ ಹಿಂದಿನಿಂದಲೇ ಪೂರ್ತಿ ಹೇಳಿದೆ. ಮಂಗೋಲರು, ರಾಜಾಜ್ಞೆ, ನೆರಿಗೆ, ಎಲ್ಲ. ಕೊನೆಗೆ, "ಅರಿವಿ ವಿಷಯದಾಗ ರಾಜನ ಮಾತೇ ನಡೀಲಿಲ್ಲಂತ ಹೇಳು. ದೊಡ್ಡಪ್ಪಾರ ಮೈಮ್ಯಾಲಿನ ಕೋಟು ಯಾರ ಮಂದೀದಂತ ಕೇಳು" ಎಂದೆ.

ಶಾಂತಾ ಅತ್ತ ಇತ್ತ ನೋಡಿ, "ದೊಡ್ಡಪ್ಪಾ, ಇದನ್ನೂ ನಾನೇ ಹೇಳ್ಬೇಕೋ, ಕೇಳಿಸ್ತೋ?" ಎಂದಳು.

ಧೋತರದ ಮೇಲೆ ತೊಡುವ ಆ ಕರಿ ಕೋಟನ್ನು ಭಾವ ಹೊಲಕ್ಕೆ ಹೋಗುವಾಗಲೂ ಬಿಟ್ಟವರಲ್ಲ. ಅದರ ಗುಂಡಿಯನ್ನೊಮ್ಮೆ ಹಾಕಿದರು, ತೆಗೆದರು. ಆಮೇಲೆ ಶಾಂತಾಳ ಕಡೆ ತಿರುಗಿದರು.

"ಆ ಕುದರಿ ಮಂದಿ ಅಂಗಿಗೆ ಎಷ್ಟು ಮೀಟರ್ ಬೇಕಂತ ಕೇಳು ನಿಮ್ಮವ್ವನ್ನ. ನಾಳೆ ಹರಪನಹಳ್ಳಿಗೆ ಹೊಂಟೀನಿ."

ಪೇಟೆಯ ಹುಡುಗಿಯರು ತೊಡುವ ಚೂಡಿದಾರನ್ನು ನಾನು ಹತ್ತಿರದಿಂದ ನೋಡಿರಲಿಲ್ಲ. ಮಂಗೋಲರ ಅಂಗಿಯ ಆ ಚಿತ್ರ ನೋಡಿಯೇ ಕತ್ತರಿಸಿದೆ. ಹಾಗಾಗಿ ಎಲ್ಲರ ಚೂಡಿದಾರ್ ನೆಟ್ಟಗೆ ಇಳಿದಿದ್ದರೆ, ನಿಮ್ಮವ್ವನದಕ್ಕೆ ಸೊಂಟದ ಸುತ್ತ ನೆರಿಗೆ! ಕಾಲೇಜಿನಲ್ಲಿ ಗೆಳತಿಯರು, "ಇದ್ಯಾವ ಫ್ಯಾಶನ್ನಲೇ ಶಾಂತಾ?" ಎಂದರೆ, "ಮೊದಲು ಮಂಗೋಲರದು, ಆಮ್ಯಾಲೆ ಚೀನಾದೋರದು, ಈಗ ನಮ್ಮವ್ವಂದು" ಎಂದಳಂತೆ. ಮುಂದಿನ ತಿಂಗಳು ಅವರಲ್ಲಿ ಇಬ್ಬರು ಬಟ್ಟೆ ಹಿಡಿದು ನಮ್ಮ ಮನೆಗೇ ಬಂದರು.

ಮಂಗೋಲರು ಊರುಗಳನ್ನು ಸುಟ್ಟರು ಎಂದೂ ಆ ಪುಸ್ತಕದಲ್ಲಿತ್ತು. ಅವರನ್ನು ಹೊಗಳಲಾರೆ. ಆದರೆ ಗೆದ್ದವರೂ ಹೋದರು, ಸೋತವರೂ ಹೋದರು. ಯಾವುದೋ ಗುಡಾರದಲ್ಲಿ ಕೂತು ಹೊಲಿದವರ ಉಪಾಯ ಉಳಿಯಿತು. ಆ ಕೈಗಳಿಗೆ ನಾನು ಋಣಿ. ಒಳ್ಳೆಯದು ಎಂದು ಕಂಡದ್ದನ್ನು ನಾಚದೆ ಇಟ್ಟುಕೊಂಡ ಚೀನಾದವರಿಗೆ ಋಣಿ. ಭಾವನವರಿಗಂತೂ ಇನ್ನೂ ಹೆಚ್ಚು.

ಹೊಸ ಅಂಗಿ ತೊಟ್ಟು ಶಾಂತಾ ಕಾಲೇಜಿಗೆ ಹೋದ ಮೊದಲ ಸಂಜೆ, ಭಾವ ಬಂದು ಪಡಸಾಲೆಯಲ್ಲಿ ಕೂತು ರಸ್ತೆ ನೋಡತೊಡಗಿದರು. ನಾನು ಬಾಗಿಲ ಹಿಂದೆ. ಮಾತು ಸಾಗಿಸುವವರು ಯಾರೂ ಇಲ್ಲ. ಹೊತ್ತು ಇಳಿಯಿತು. ಅವರು ಕಂಬದ ಕಡೆ ಮುಖ ಮಾಡಿ, "ಹುಡುಗಿ ಇನ್ನ ಬರಲಿಲ್ಲಲ್ಲವಾ..." ಎಂದರು.

ಕಂಬ ಏನು ಹೇಳೀತು? ನಾನೇ ಹೊಸ್ತಿಲು ದಾಟಿ ಬಂದು, "ಬರ್ತಾಳ್ರಿ, ನೆರಿಗಿ ಐತಲ್ಲ" ಎಂದೆ.