ಕ್ಯಾಲೆಂಡರ್ ವರದಿಗಾರರು

ಇವತ್ತು ಬೆಳಿಗ್ಗೆ ಪಕ್ಕದ ಮನೆಯಲ್ಲಿ ತುಪ್ಪದಲ್ಲಿ ಶಾವಿಗೆ ಹುರಿಯುತ್ತಿದ್ದರು. ಆ ಘಮಕ್ಕೆ ನಿಮಗಾದರೆ ಹಬ್ಬ ನೆನಪಾಗಬಹುದು; ನನಗೆ ನೆನಪಾಗುವುದು ಪತ್ರಿಕಾ ಕಚೇರಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ನನ್ನ ಮುಸ್ಲಿಂ ಹೆಸರು ನೋಡಿಯೇ, ರಂಜಾನಿನ ಪಾಯಸದ ಲೇಖನ ನನ್ನ ಪಾಲಿಗೆ ಬರುತ್ತಿತ್ತು. ಉರುಸು, ಮೊಹರಂ, ಬಿರಿಯಾನಿ ಎಲ್ಲವೂ ನನ್ನವೇ. ಒಲೆ ಹಚ್ಚಲೂ ಬಾರದ ನಾನು ಅಮ್ಮಿಗೆ ಫೋನು ಮಾಡಿ ಕೇಳಿಕೊಂಡು ಜಿಲ್ಲೆಗೆಲ್ಲ ಅಡುಗೆ ಕಲಿಸಿದ್ದೇನೆ. ಆ ಪಾಯಸ ಕುಡಿದವರು ಕ್ಷಮಿಸಲಿ.

ಎದುರಿನ ಮೇಜಿನಲ್ಲಿ ಜಗಳೂರಿನ ರತ್ನಕ್ಕ ಕೂತು ನಮ್ಮ ವರದಿಗಳನ್ನು ತಿದ್ದುತ್ತಿದ್ದಳು. ಬೌದ್ಧ ಮನೆತನದವಳು. ಅವಳ ಹೆಸರಿನಲ್ಲಿ ಲೇಖನ ಬರುತ್ತಿದ್ದುದು ಅಂಬೇಡ್ಕರ್ ಜಯಂತಿಗೊಮ್ಮೆ, ಬುದ್ಧ ಪೂರ್ಣಿಮೆಗೊಮ್ಮೆ. "ನಮ್ಮಿಬ್ಬರ್ನೂ ಕ್ಯಾಲೆಂಡರ್ ನೋಡಿ ಕೆಲಸಕ್ಕೆ ತಗಂಡಾರೆ ಕಣೇ," ಎಂದು ನಗುತ್ತಿದ್ದಳು.

ಒಂದು ಮಧ್ಯಾಹ್ನ ಸಂತೇಬೆನ್ನೂರಿನಿಂದ ಫೋನು ಬಂತು: ಸಂತೆಯಲ್ಲಿ ಎರಡು ಕೋಮಿನವರ ಹೊಡೆದಾಟ. ನಾನು ಎದ್ದು ನಿಂತೆ. ಚನ್ನಗಿರಿಯವಳು ನಾನು, ಆ ಸಂತೆ ನನಗೆ ಹಿತ್ತಲಿದ್ದ ಹಾಗೆ.

"ನೀವು ಬ್ಯಾಡ್ರಿ," ಎಂದರು ಮುಖ್ಯ ವರದಿಗಾರರು. "ನಿಮ್ಮೋರ ವಿಷಯ ಐತೆ. ಬರವಣಿಗೆ ಒಂದ್ ಕಡಿಗೆ ವಾಲ್ತೈತೆ."

"ಮಠದ ಸುದ್ದಿಗೆ ಮಠದ ಭಕ್ತರನ್ನೇ ಕಳಿಸ್ತೀರಲ್ಲ ಸರ್. ಅವರು ಹೋದ್ರೆ ಸಂಪರ್ಕ, ನಾನು ಹೋದ್ರೆ ಪಕ್ಷಪಾತನಾ?"

ಟೈಪು ಮಾಡುತ್ತಿದ್ದ ಕೈಗಳೆಲ್ಲ ನಿಂತವು. ನಾನು ಬ್ಯಾಗು ಹೆಗಲಿಗೇರಿಸಿದೆ. ರತ್ನಕ್ಕ ತಲೆಯೆತ್ತದೆ ಹೇಳಿದಳು, "ಹೋಗಿ ಬರ್ಲಿ ಬಿಡ್ರಿ ಸರ್. ವಾಲಿದ್ರೆ ನೆಟ್ಟಗೆ ಮಾಡಾಕೆ ನಾನಿಲ್ವಾ?"

ಸಂತೆಯಲ್ಲಿ ವಿಚಾರಿಸಿದರೆ, ಲಗೇಜ್ ಆಟೊ ನಿಲ್ಲಿಸುವ ಜಾಗಕ್ಕೆ ಇಬ್ಬರ ನಡುವೆ ಎದ್ದ ಜಗಳ ಅದು. ಧರ್ಮದ ಮಾತು ಹುಟ್ಟಿದ್ದು ಆಮೇಲೆ, ನೋಡಲು ನೆರೆದವರ ಬಾಯಲ್ಲಿ. ಆದರೆ ಮೊದಲು ಕೈ ಎತ್ತಿದವನು ನನ್ನ ಮಾಮುವಿನ ಅಂಗಡಿಯಲ್ಲೇ ಕೆಲಸಕ್ಕಿದ್ದವನು. ಮಾಮು ನನ್ನನ್ನು ಪಕ್ಕಕ್ಕೆ ಕರೆದರು. "ಬೇಟಿ, ಮೊದ್ಲು ಹೊಡೆದಿದ್ದು ಯಾರು ಅಂತ ಬರೀಬ್ಯಾಡ. ನೀನು ನಮ್ಮೋಳು."

ಅಲ್ಲಿ 'ನಿಮ್ಮೋರು', ಇಲ್ಲಿ 'ನಮ್ಮೋಳು'. ನೀವೇ ಹೇಳಿ, ಬರೆಯುವವಳು ಎಲ್ಲಿ ನಿಲ್ಲಬೇಕು? ಸಂಜೆ ಕಚೇರಿಗೆ ಮರಳಿ ಮೊದಲ ಹೊಡೆತವನ್ನೂ ಬರೆದೆ, ಆಟೊ ಜಾಗದ ಜಗಳವನ್ನೂ ಬರೆದೆ. ರತ್ನಕ್ಕ ಒಂದು ಅಲ್ಪವಿರಾಮ ತೆಗೆದು ಮುಂದಕ್ಕೆ ಕಳಿಸಿದಳು. ಮುಖ್ಯ ವರದಿಗಾರರು ಓದಿದರು, ಮತ್ತೆ ಓದಿದರು.

"ನಿಮ್ಮ ಹೆಸರು ಹಾಕ್ಲಾ? ತೊಂದ್ರೆ ಆಗಲ್ವಾ?"

"ಹಾಕ್ರಿ ಸರ್."

ಆ ಸಲದ ಹಬ್ಬಕ್ಕೆ ಮಾಮು ಕರೆಯಲಿಲ್ಲ. ನೋವಾಯಿತು, ಇಲ್ಲವೆನ್ನಲಾರೆ. ಆದರೆ ಹೊಳೆ ಏರಿದ ಸುದ್ದಿ ಬಂದ ದಿನ ಸರ್ ನನ್ನ ಕಡೆ ತಿರುಗಿ, "ಹೊನ್ನಾಳಿಗೆ ಹೋಗ್ತೀರೇನ್ರಿ?" ಎಂದರು, ಉಳಿದ ವರದಿಗಾರರನ್ನು ಕೇಳುವ ಹಾಗೆಯೇ. ಅಂಥ ಸನ್ಮಾನ ನನಗೆ ಮತ್ತೆ ಆಗಿಲ್ಲ.

ಈಗ ಮುಖ್ಯ ವರದಿಗಾರರ ಆ ಕುರ್ಚಿಯಲ್ಲಿ ನಾನಿದ್ದೇನೆ. ಮುಖಪುಟ ರತ್ನಕ್ಕನ ಕೈಯಲ್ಲಿದೆ. ಇವತ್ತು ಕಚೇರಿಗೆ ಬಂದರೆ ನ್ಯಾಮತಿಯ ಹೊಸ ಹುಡುಗಿಯೊಬ್ಬಳು ಕಾಯುತ್ತಿದ್ದಳು. ಹೆಸರು ಮೇರಿ ಎಂದಳು. ಕ್ರಿಸ್‌ಮಸ್ ಪುಟಕ್ಕೆ ಆಳು ಸಿಕ್ಕಿತೆಂದು ನನ್ನ ಮನಸ್ಸು ಆಗಲೇ ಲೆಕ್ಕ ಹಾಕಿಬಿಟ್ಟಿತ್ತು! ನಾಲಿಗೆ ಕಚ್ಚಿಕೊಂಡೆ.

"ಏನು ಬರೀಬೇಕು ಅಂತೈತವ್ವ ನಿಂಗೆ?"

"ಕ್ರೈಮ್, ಮೇಡಂ."

"ಹಂಗಾದ್ರೆ ಏಳು. ಚನ್ನಗಿರಿ ಠಾಣೆಗೆ ಹೋಗಿ ಬಾ, ಬಸ್ಸು ಹೊರಡೋ ಹೊತ್ತಾತು."